ಹೆಸರು ಬರೆಯದ ತಾಟುಗಳು

ಚಾಂದಬಿ ಖಾಲಾ ಕಳ್ಳಿ ಎಂದು ಊರಿಗೆಲ್ಲ ಸಾರಿದ ಆ ಹಾಳೆಯನ್ನು ತಯಾರಿಸಿದವಳು ನಾನೇ. ಸಾರಿದ ಬಾಯಿ ಬೇರೆಯವರದು, ಹಾಳೆ ಮಾತ್ರ ನನ್ನದು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲವಾದರೆ ಮುಂದೆ ನಾನು ಒಬ್ಬೊಬ್ಬರ ಮೇಲೆ ಹರಿಹಾಯುವಾಗ ನೀವು ನನ್ನನ್ನು ದೊಡ್ಡ ನ್ಯಾಯವಂತೆ ಎಂದು ತಿಳಿದೀರಿ.

ನನ್ನ ಹೆಸರು ನಿಖತ. ಸವಣೂರಿನ ಬಸ್ ನಿಲ್ದಾಣದ ಹಿಂದೆ ಒಂದು ಕೋಣೆಯಲ್ಲಿ ನಾಲ್ಕು ಕಂಪ್ಯೂಟರ್ ಇಟ್ಟುಕೊಂಡು ಕಲಿಸುತ್ತೇನೆ. ಚಾಂದಬಿ ನಮ್ಮ ಜಮಾತಿನ ಪಾತ್ರೆ ಕೋಣೆಯ ಕೀಲಿಕೈ ಇಟ್ಟುಕೊಂಡವರು. ನನ್ನ ಸ್ವಂತ ಚಿಕ್ಕಮ್ಮ ಅಲ್ಲ, ಆದರೆ ಓಣಿಯಲ್ಲಿ ಚಿಕ್ಕವರು ದೊಡ್ಡವರೆಲ್ಲ ಅವರನ್ನು ಖಾಲಾ ಎಂದೇ ಕರೆಯುವುದು. ಮದುವೆ ಇರಲಿ, ಸಾವು ಇರಲಿ, ನೂರಾರು ಜನರಿಗೆ ಉಣಬಡಿಸುವಷ್ಟು ತಾಟು, ಅಡುಗೆಯ ದೊಡ್ಡ ದೇಗು, ಸೌಟು ಯಾರ ಮನೆಯಲ್ಲಿರುತ್ತವೆ? ಅವೆಲ್ಲ ಮಸೀದಿಯ ಹಿಂದಿನ ಆ ಕೋಣೆಯಲ್ಲಿರುತ್ತವೆ. ಬೇಕಾದವರು ಬಂದು ಒಯ್ಯಬೇಕು, ಕೆಲಸ ಮುಗಿದ ಮೇಲೆ ತೊಳೆದು ತಂದಿಡಬೇಕು. ಇಪ್ಪತ್ತೆರಡು ವರ್ಷ ಆ ಬಾಗಿಲನ್ನು ತೆರೆದು ಮುಚ್ಚಿದವರು ಖಾಲಾ ಒಬ್ಬರೇ.

ಅವರು ಹುಟ್ಟಿದ್ದು ಹಿರೇಕೆರೂರು ತಾಲೂಕಿನ ಮಾಸೂರಿನಲ್ಲಿ. ಮದಗದ ಕೆರೆಯ ಕೆಳಗಿನ ಗದ್ದೆಗಳಲ್ಲಿ ಅವ್ವನ ಜತೆ ಬಗ್ಗಿ ಭತ್ತದ ಸಸಿ ನೆಟ್ಟೇ ಬೆಳೆದರು. ಶಾಲೆಯ ಮೆಟ್ಟಿಲು ಹತ್ತಲಿಲ್ಲ. ಹದಿನೆಂಟಕ್ಕೆ ಸವಣೂರಿನ ಕಲಾಯಿಗಾರನಿಗೆ ಕೊಟ್ಟರು. ಗಂಡ ತಾಮ್ರದ ಪಾತ್ರೆಗಳಿಗೆ ತವರದ ಕಲಾಯಿ ಹಾಕುವಾಗ ತಿದಿ ಒತ್ತುತ್ತಿದ್ದವರು ಖಾಲಾ. ಜಮಾತಿಗೆ ಹೊಸ ತಾಟು ಬಂದಾಗ ಪ್ರತಿಯೊಂದರ ಬೆನ್ನಿಗೆ ಅಂಚಿನ ಹತ್ತಿರ ಉಳಿಯಿಂದ ಮೂರು ಚುಕ್ಕೆ ಹೊಡೆದು ಗುರುತು ಮಾಡಿದ್ದು ಆ ಗಂಡನೇ. ಅವರು ತೀರಿಕೊಂಡ ಮೇಲೆ ಕೀಲಿಕೈ ಖಾಲಾರ ಸೆರಗಿನ ತುದಿಗೆ ಬಂತು. ಅವರಿಗೊಂದು ವಿಚಿತ್ರ ಅಭ್ಯಾಸವಿತ್ತು. ಯಾರ ಮನೆಯಲ್ಲಿ ಏನು ತಿನ್ನಲಿ, ತಾಟಿನ ಬೆನ್ನಿಗೆ ಒಮ್ಮೆ ಹೆಬ್ಬೆರಳು ಆಡಿಸುತ್ತಿದ್ದರು. ನಮ್ಮ ಮನೆಯಲ್ಲೂ ಹಾಗೆ ಮಾಡಿದ್ದನ್ನು ನೋಡಿ, ಸರಿಯಾಗಿ ತೊಳೆದಿದ್ದೇವೋ ಇಲ್ಲವೋ ಎಂದು ನೋಡುತ್ತಾರೆ ಎಂದು ನನಗೆ ಸಿಟ್ಟು ಬಂದಿತ್ತು.

ಹೋದ ವರ್ಷ ಜೂನ್‌ನಲ್ಲಿ ಜಮಾತ್ ಕಮಿಟಿಗೆ ಅಯಾಜ್ ಸಾಹೇಬರು ಸೆಕ್ರೆಟರಿಯಾದರು. ಅಕ್ಕಿಆಲೂರಿನ ಒಂದು ಅಕ್ಕಿ ಮಿಲ್ಲಿನಲ್ಲಿ ಮೂಟೆಗಳ ಲೆಕ್ಕವನ್ನೆಲ್ಲ ಕಂಪ್ಯೂಟರಿನಲ್ಲಿ ಇಡುವುದನ್ನು ನೋಡಿ ಬಂದಿದ್ದರು. ಮಿಲ್ಲಿಗೆ ಇರುವುದು ಜಮಾತಿಗೆ ಬೇಡವೇ ಎಂದು ನನ್ನನ್ನು ಕರೆಸಿದರು. ನಾನೂ ಉಬ್ಬಿಹೋದೆ. ಊರಿನಲ್ಲಿ ನನ್ನನ್ನು ಕೇಳಿ ಮಾಡಿಸುವ ಮೊದಲ ಕೆಲಸ ಅದು.

ಅದು ದೊಡ್ಡ ವಿದ್ಯೆಯೇನಲ್ಲ. ಒಂದು ಕೋಷ್ಟಕದಲ್ಲಿ ಸಾಮಾನುಗಳ ಹೆಸರು. ಇನ್ನೊಂದರಲ್ಲಿ ಒಯ್ಯುವವರ ಹೆಸರು, ಓಣಿ, ಫೋನ್ ನಂಬರು. ಮೂರನೆಯದು ದಿನದ ಲೆಕ್ಕ: ತಾರೀಖು, ಏನು ಹೋಯಿತು, ಎಷ್ಟು ಹೋಯಿತು, ಎಷ್ಟು ತಿರುಗಿ ಬಂತು, ಎಷ್ಟು ಕೆಟ್ಟಿತು. ಉಳಿದದ್ದೆಷ್ಟು ಎಂದು ಯಾರೂ ಬರೆಯಬೇಕಾಗಿಲ್ಲ, ಅದೇ ಕೂಡಿ ಕಳೆದು ಹೇಳುತ್ತದೆ. ಒಯ್ದವರ ಹೆಸರಿನ ಜಾಗ ಖಾಲಿಯಿದ್ದರೆ ಆ ಸಾಲು ಸೇವ್ ಆಗಕೂಡದು ಎಂದು ಕಟ್ಟುನಿಟ್ಟು ಮಾಡಿದೆ. ನನಗೆ ಹಾಗೇ ಕಲಿಸಿದ್ದರು, ನಾನೂ ಹಾಗೇ ಕಲಿಸುತ್ತೇನೆ. ಅಯಾಜ್ ಸಾಹೇಬರ ಆಸೆಯಂತೆ ವರದಿಯ ಕೆಳಗೆ ಕೊರತೆ ಎಷ್ಟು, ಜವಾಬ್ದಾರಿ ಯಾರದು ಎಂದು ಕೆಂಪು ಅಕ್ಷರದಲ್ಲಿ ಬರುವ ಹಾಗೆಯೂ ಮಾಡಿದೆ. ಜವಾಬ್ದಾರಿಯ ಮುಂದೆ ಚಾಂದಬಿ ಎಂದು ನಾನೇ ಟೈಪ್ ಮಾಡಿದೆ. ಇದನ್ನೆಲ್ಲ ಕಟ್ಟುವ ಮುಂಚೆ ಅಯಾಜ್ ಸಾಹೇಬರನ್ನು ಮೂರು ಸಲ ಕಂಡು ಕೇಳಿದ್ದೆ. ಇಪ್ಪತ್ತೆರಡು ವರ್ಷ ಆ ಕೆಲಸ ಮಾಡಿದ ಹೆಂಗಸನ್ನು ಒಂದು ಸಲವೂ ಕೇಳಲಿಲ್ಲ. ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೆ ಉರಿಯುತ್ತದೆ.

ಮೊದಲ ದಿನ ಎಲ್ಲ ಎಣಿಸಿದೆವು. ಸರಿಯಾಗಿ ಆರುನೂರು ತಾಟು. ಇಪ್ಪತ್ತಿಪ್ಪತ್ತರ ಮೂವತ್ತು ಕಟ್ಟು. ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ಅಕ್ಷರ ಬಾರದ ಮುದುಕಿಯ ಲೆಕ್ಕ ಇಷ್ಟು ಸರಿ ಇರುವಾಗ ಕಂಪ್ಯೂಟರ್ ಯಾಕೆ ಎಂದು ಅವತ್ತೇ ಯಾರಾದರೂ ಕೇಳಬೇಕಿತ್ತು. ಕೇಳಲಿಲ್ಲ. ದಿನಾ ಸಂಜೆ ಅಸರ್ ನಮಾಜಿನ ಹೊತ್ತಿಗೆ ನಾನು ಹೋಗಬೇಕು, ಖಾಲಾ ಹೇಳಬೇಕು, ನಾನು ಟೈಪ್ ಮಾಡಬೇಕು ಎಂದು ನಿಗದಿಯಾಯಿತು.

ಎರಡು ವಾರ ಕಳೆದಿರಬೇಕು. ಒಂದು ಸಂಜೆ ಖಾಲಾ ತಾಟು ಒರೆಸುತ್ತಲೇ ಹೇಳಿದರು.

“ಬರ್ಕೊ ನಿಖತ. ಗುಲ್ನಾರಳ ಮನಿಯಿಂದ ನಲವತ್ತು ತಾಟು ಬಂದ್ವು. ಇಪ್ಪತ್ತು ಹೋದ್ವು.”

“ಯಾರ ಮನಿಗೆ ಹೋದ್ವು ಖಾಲಾ?”

“ಅದನ್ನ ಬರಿಯಂಗಿಲ್ಲ.”

“ಯಾಕ?”

“ಮಯ್ಯತ್ ಆದ ಮನಿ ಅದು. ಸತ್ತವರ ಮನಿಗೆ ಕೊಟ್ಟದ್ದನ್ನ ಬರಿಯೂದಿಲ್ಲ, ತಿರುಗಿ ಕೊಡ್ರಿ ಅಂತ ಕೇಳೂದೂ ಇಲ್ಲ. ನಲವತ್ತು ದಿನ ಮುಗದ ಮ್ಯಾಲ ಅವರ ತಂದು ಕೊಡ್ತಾರ.”

“ಹೆಸರು ಇಲ್ಲಂದ್ರ ಇದು ತಗೊಳ್ಳಂಗಿಲ್ಲರಿ.”

“ತಗೊಳ್ಳದಿದ್ರ ಬಿಡು. ಅದಕ್ಕ ಬ್ಯಾಡಾದ್ರ ನಾ ಇಟ್ಕೊಂತೇನಿ.”

ಹಾಗೆಂದು ಗೋಡೆಯ ಗೂಡಿನಲ್ಲಿದ್ದ ಹಳೆಯ ತಂಬಾಕಿನ ಡಬ್ಬಿ ತೆಗೆದು ಅದರಲ್ಲಿ ಖರ್ಜೂರದ ಒಂದು ಬೀಜ ಹಾಕಿದರು. ನಾನು ಅದರ ಕಡೆ ಲಕ್ಷ್ಯ ಕೊಡಲಿಲ್ಲ. ಸಾವಾದ ಮೂರನೆಯ ದಿನದ ಜಿಯಾರತ್‌ನಲ್ಲಿ ಕಲಮಾ ಎಣಿಸಲು ಆ ಬೀಜಗಳು ಬೇಕಾಗುತ್ತವಲ್ಲ, ಕೂಡಿಸಿಡುತ್ತಿದ್ದಾರೆ ಎಂದುಕೊಂಡೆ. ಆ ಸಾಲನ್ನು ನಾಳೆ ಏನಾದರೂ ಮಾಡಿ ಸೇರಿಸಿದರಾಯಿತು ಎಂದು ಬಿಟ್ಟೆ. ಮರುದಿನ ಮರೆತೆ. ಮುಂದೆಯೂ ಹಾಗೇ ಆಯಿತು. ಹೆಸರಿಲ್ಲದ ಸಾಲು ಬಂದಾಗಲೆಲ್ಲ ಬಿಟ್ಟೆ, ಅವು ತಿರುಗಿ ಬಂದದ್ದನ್ನೂ ಬರೆಯಲಿಲ್ಲ.

ಈ ಪದ್ಧತಿ ನನಗೆ ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಸಾವಾದ ಮನೆಯಲ್ಲಿ ಮೂರು ದಿನ ಒಲೆ ಹಚ್ಚುವುದಿಲ್ಲ, ನೆರೆಯವರೇ ಅಡುಗೆ ಮಾಡಿ ತರುತ್ತಾರೆ. ತಾಟುಗಳು ಎಲ್ಲಿಂದಲೋ ಬಂದಿರುತ್ತವೆ. ಅಳುತ್ತ ಕುಳಿತವರ ಮುಂದೆ ಪುಸ್ತಕ ಹಿಡಿದು ಸಹಿ ಹಾಕಿ ಎಂದು ಯಾರೂ ಹೇಳುವುದಿಲ್ಲ. ನಾವೆಲ್ಲ ಅದರಲ್ಲೇ ಉಂಡು ಎದ್ದವರು. ಯಾರು ಕೊಟ್ಟರು, ಯಾರು ಎಣಿಸಿದರು ಎಂದು ಮಾತ್ರ ಯೋಚಿಸಿದವರಲ್ಲ.

ಆಗಸ್ಟಿನಲ್ಲಿ ನಮ್ಮಪ್ಪ ತೀರಿಕೊಂಡರು. ಹದಿನೈದು ದಿನ ನಾನು ಕೋಣೆಯ ಕಡೆ ಹೋಗಲಿಲ್ಲ. ತಿರುಗಿ ಹೋದ ದಿನ ಖಾಲಾ ಆ ಹದಿನೈದು ದಿನದ ಲೆಕ್ಕವನ್ನು ಒಂದೂ ತಪ್ಪದೆ ಬಾಯಿಪಾಠದಂತೆ ಹೇಳಿದರು. ಕೊನೆಗೆ, “ಇಪ್ಪತ್ತು ತಾಟು ಒಂದು ಮನಿಗೆ” ಎಂದರು.

“ಯಾರ ಮನಿಗೆ?” ಎಂದು ನಾನು ಕೇಳಿದೆ.

ಖಾಲಾ ನನ್ನ ಮುಖ ನೋಡಿದರು. “ಬಿಡವಾ, ಕೇಳಬ್ಯಾಡ” ಎಂದರು. ನಾನು ಆ ಸಾಲನ್ನೂ ಬಿಟ್ಟೆ.

ಜನವರಿ ಬಂತು. ರಂಜಾನಿಗೆ ಮುಂಚೆ ಎಲ್ಲವನ್ನೂ ಎಣಿಸಿಬಿಡಬೇಕು ಎಂದು ಅಯಾಜ್ ಸಾಹೇಬರು ಇಬ್ಬರನ್ನು ಕಳಿಸಿದರು. ಕಂಪ್ಯೂಟರಿನಲ್ಲಿ ಆರುನೂರು, ಕೋಣೆಯಲ್ಲಿ ನಾನೂರಾ ಅರವತ್ತು. ಕೊರತೆ ನೂರಾ ನಲವತ್ತು ತಾಟು. ಮತ್ತೆ ಎಣಿಸಿದರೂ ಅಷ್ಟೇ. ವರದಿ ಕೊಡು ಎಂದರು, ಕೊಟ್ಟೆ. ಅರ್ಧ ತಾಸಿನಲ್ಲಿ ಅದರ ಫೋಟೋ ಜಮಾತಿನ ವಾಟ್ಸಾಪ್ ಗುಂಪಿಗೆ ಹೋಯಿತು. ಕೊರತೆ ನೂರಾ ನಲವತ್ತು, ಜವಾಬ್ದಾರಿ ಚಾಂದಬಿ. ಕೆಂಪು ಅಕ್ಷರ ನಾನು ಬಯಸಿದ್ದಕ್ಕಿಂತ ಚೆನ್ನಾಗಿಯೇ ಎದ್ದು ಕಾಣುತ್ತಿತ್ತು.

ಮರುದಿನ ಕಮಿಟಿ ಕೂಡಿತು. ಹನ್ನೊಂದು ಜನ ಗಂಡಸರು, ಒಂದು ಮೂಲೆಯಲ್ಲಿ ಲ್ಯಾಪ್‌ಟಾಪ್ ಹಿಡಿದ ನಾನು, ಬಾಗಿಲ ಹತ್ತಿರ ನಿಂತ ಖಾಲಾ. ಕುಂತ್ಕೊಳ್ರಿ ಎಂದು ಒಬ್ಬರೂ ಅನ್ನಲಿಲ್ಲ.

“ನೂರಾ ನಲವತ್ತು ತಾಟಿಗೆ ಕಾಲು ಬಂದ್ವೇನು?” ಎಂದರು ಅಯಾಜ್ ಸಾಹೇಬರು. “ಎಲ್ಲಿಗೆ ಹೋಗ್ಯಾವ ಹೇಳ್ರಿ.”

“ಹೋದ ಕಡೆ ಅದಾವ.”

“ಯಾವ ಕಡೆ? ಹೆಸರು ಹೇಳ್ರಿ. ಇಲ್ಲಾ ಗುಜರಿಗೆ ಹಾಕೇನಿ ಅನ್ರಿ.”

ಖಾಲಾ ಬಾಗಿಲು ಬಿಟ್ಟು ಟೇಬಲ್ಲಿನ ಹತ್ತಿರ ಬಂದರು. “ಕೊಟ್ಟ ಮನಿ ಹೆಸರು ಹೇಳಂಗಿಲ್ಲ. ಗುಜರಿ ಮಾತು ನನ್ನ ಮುಂದ ಆಡಬ್ಯಾಡ್ರಿ. ಆ ತಾಟಿಗೆ ಚುಕ್ಕಿ ಹೊಡದವರು ನನ್ನ ಮನಿಯವರು.”

ಸೆರಗಿನ ಗಂಟು ಬಿಚ್ಚಿ ಕೀಲಿಕೈಯನ್ನು ಟೇಬಲ್ಲಿನ ಮೇಲೆ ಇಟ್ಟು ಹೊರಟರು. ಆ ಹನ್ನೊಂದು ಜನರಲ್ಲಿ ಸಾವಿನ ಮನೆಯ ತಾಟಿನಲ್ಲಿ ಉಣ್ಣದವರು ಒಬ್ಬರಿದ್ದರೆ ನನ್ನ ಹೆಸರು ಬದಲಾಯಿಸುತ್ತೇನೆ. ಅಧ್ಯಕ್ಷರಾದ ಮುನಾಫ ಸಾಹೇಬರ ಅತ್ತಿಗೆ ಸತ್ತು ಇನ್ನೂ ಎರಡು ತಿಂಗಳಾಗಿರಲಿಲ್ಲ. ಅವರೂ ಗಡ್ಡ ನೀವಿಕೊಳ್ಳುತ್ತ ನೆಲ ನೋಡಿದರು. ಒಬ್ಬರು ಫೋನ್ ನೋಡಿದರು. ಇದಕ್ಕೆ ದೊಡ್ಡಸ್ತಿಕೆ ಎನ್ನುತ್ತಾರೇನು? ನಾನಾದರೂ ಬಾಯಿ ಬಿಟ್ಟೆನೇ? ಹೆಸರಿಲ್ಲದ ಸಾಲುಗಳನ್ನು ಬಿಟ್ಟವಳು ನಾನು ಎಂದು ಹೇಳಲು ನಾಲಿಗೆ ಏಳಲಿಲ್ಲ. ಮಾಡಿಕೊಟ್ಟ ಕೆಲಸ ತಪ್ಪು ಎಂದರೆ ನಾಳೆ ನನ್ನ ಹತ್ತಿರ ಕಲಿಯಲು ಯಾರು ಬರುತ್ತಾರೆ ಎಂದು ಹೆದರಿದೆ.

ಮುಂದಿನ ಒಂಬತ್ತು ದಿನ ಊರು ತನ್ನ ಗುಣ ತೋರಿಸಿತು. ಗುಲ್ನಾರಳ ಮನೆಯಲ್ಲಿ ಕೂಸಿನ ಅಕೀಕಾದ ದಿನ ಖಾಲಾ ಊಟಕ್ಕೆ ಕುಳಿತಾಗ ಪಕ್ಕದ ಹೆಂಗಸು ಅವರಿಗೆ ಕೇಳುವ ಹಾಗೆ ತನ್ನ ಸೊಸೆಗೆ, “ತಾಟು ಎಣಿಸಿ ಇಡವಾ” ಎಂದಳಂತೆ. ಖಾಲಾ ಅರ್ಧಕ್ಕೇ ಕೈ ತೊಳೆದು ಎದ್ದರಂತೆ. ಆಮೇಲೆ ಹೊರಗೆ ಬರಲಿಲ್ಲ. ಮನೆಯಲ್ಲೇ ಕುಳಿತು ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸ ಹಿಡಿದರು. ಕಂಡವರ ಮನೆಯ ಮದುವೆಗೆ, ಮಣ್ಣಿಗೆ ಪಾತ್ರೆ ಕೊಟ್ಟ ಕೈಗೆ ಅರವತ್ತೆರಡನೆಯ ವಯಸ್ಸಿನಲ್ಲಿ ಖಾರದ ಉರಿ.

ಕೀಲಿಕೈ ತಾತ್ಕಾಲಿಕವಾಗಿ ನನಗೇ ಬಂದಿತ್ತು. ಹತ್ತನೆಯ ದಿನ ಒಂದು ಮದುವೆಯವರಿಗೆ ಸೌಟು ಹುಡುಕುತ್ತ ಗೂಡಿಗೆ ಕೈ ಹಾಕಿದೆ. ತಂಬಾಕಿನ ಡಬ್ಬಿ ಕೆಳಗೆ ಬಿತ್ತು, ಬೀಜಗಳು ನೆಲಕ್ಕೆ ಚೆಲ್ಲಿದವು. ಆರಿಸಿ ಹಾಕುವಾಗ ಸುಮ್ಮನೆ ಎಣಿಸಿದೆ. ಏಳು. ಡಬ್ಬಿಯ ಮುಚ್ಚಳ ಹಾಕುವಾಗ ಕೈ ನಿಂತಿತು. ಇಪ್ಪತ್ತರ ಏಳು ಕಟ್ಟು, ನೂರಾ ನಲವತ್ತು.

ಆರು ತಿಂಗಳು ದಿನಾ ಕುಳಿತು ನಾನು ತುಂಬಿದ ಮೂರು ಕೋಷ್ಟಕಗಳ ಕಣ್ಣಿಗೆ ಬೀಳದ ಲೆಕ್ಕ ಆ ಡಬ್ಬಿಯಲ್ಲಿ ಒಂದೂ ತಪ್ಪದೆ ಇತ್ತು. ಹೋದಾಗ ಒಂದು ಬೀಜ ಒಳಗೆ, ಬಂದಾಗ ಒಂದು ಬೀಜ ಹೊರಗೆ. ಹೆಸರು ಮಾತ್ರ ಖಾಲಾರ ತಲೆಯಲ್ಲಿ. ಕಮಿಟಿಯ ಮುಂದೆ ಈ ಡಬ್ಬಿಯನ್ನು ತಂದು ಸುರಿದಿದ್ದರೆ ಅವರ ಮಾನ ಉಳಿಯುತ್ತಿತ್ತು. ಸುರಿದರೆ ಏಳು ಮನೆಗಳು ಯಾವುವು ಎಂದು ಊರು ಹುಡುಕಿಕೊಂಡು ಹೋಗುತ್ತಿತ್ತು. ಅದಕ್ಕೇ ಬಾಯಿ ಮುಚ್ಚಿಕೊಂಡು ಎದ್ದುಹೋದರು.

ಆಗ ನನಗೆ ನೆನಪಾದದ್ದು ಆ “ಬಿಡವಾ, ಕೇಳಬ್ಯಾಡ.” ಮನೆಗೆ ಓಡಿದೆ. ಅಮ್ಮ ರೊಟ್ಟಿ ಬಡಿಯುತ್ತಿದ್ದಳು. ಗೋಡೆಯ ಹಲಗೆಯ ಮೇಲಿನ ತಾಟು ತೆಗೆದು ತಿರುವಿದೆ. ಅಂಚಿನ ಹತ್ತಿರ ಮೂರು ಚುಕ್ಕೆ. ಇನ್ನೊಂದು ತಿರುವಿದೆ, ಮೂರು ಚುಕ್ಕೆ. ನಾನು ಬೆಳಿಗ್ಗೆ ಉಪ್ಪಿಟ್ಟು ತಿಂದು ತೊಳೆದಿಟ್ಟ ತಾಟಿಗೂ ಮೂರು ಚುಕ್ಕೆ.

“ಇವು ಎಲ್ಲಿವು ಅಮ್ಮಾ?”

“ನಿಮ್ಮಪ್ಪನ ಜಿಯಾರತ್‌ಗೆ ಬಂದಿದ್ವು. ಯಾರೂ ಕೇಳಲಿಲ್ಲ, ಇಟ್ಕೊಂಡ್ವಿ.”

ಅಪ್ಪನ ಮಣ್ಣಾದ ಮೇಲೆ ಖಾಲಾ ಎರಡು ಸಲ ನಮ್ಮ ಮನೆಗೆ ಬಂದಿದ್ದರು. ಅಮ್ಮನ ಮೊಣಕಾಲು ನೋವು ವಿಚಾರಿಸಿದ್ದರು. ಇದೇ ತಾಟಿನಲ್ಲಿ ಅವಲಕ್ಕಿ ತಿಂದು, ಬೆನ್ನಿಗೆ ಹೆಬ್ಬೆರಳು ಆಡಿಸಿ, ತೊಳೆದಿಟ್ಟು ಹೋಗಿದ್ದರು. ಆಗ ಸಿಟ್ಟಾದವಳು ನಾನು! ಊರಿನ ತಾಟುಗಳ ಲೆಕ್ಕಕ್ಕೆ ಯಂತ್ರ ಕಟ್ಟಿದವಳ ಮನೆಯಲ್ಲೇ ಲೆಕ್ಕ ತಪ್ಪಿದ ಇಪ್ಪತ್ತು ತಾಟು. ನಾಚಿಕೆಗೆ ಅಳು ಬರಬೇಕಿತ್ತು, ಬರಲಿಲ್ಲ. ಮೈಯೆಲ್ಲ ಸಿಟ್ಟೇ ತುಂಬಿತ್ತು.

ಶುಕ್ರವಾರ ನಮಾಜಿನ ನಂತರ ಕಮಿಟಿ ಕೂಡಿದಾಗ ಇಪ್ಪತ್ತೂ ತಾಟು ಹೊತ್ತು ಹೋಗಿ ಅಯಾಜ್ ಸಾಹೇಬರ ಟೇಬಲ್ಲಿನ ಮೇಲೆ ಇಟ್ಟೆ. ಸದ್ದಿಗೆ ಎಲ್ಲರೂ ತಿರುಗಿದರು.

“ಇವು ನಮ್ಮ ಮನಿಯಾಗಿದ್ವು. ನಮ್ಮಪ್ಪ ಸತ್ತಾಗ ಬಂದ್ವು, ತಿರುಗಿ ಕೊಡಲಿಲ್ಲ. ಸತ್ತವರ ಮನಿಗೆ ಹೋದದ್ದನ್ನ ಖಾಲಾ ಹೇಳಿದ್ರೂ ನಾ ಬರಿಲಿಲ್ಲ, ಹೆಸರಿಲ್ಲಂತ ಬಿಟ್ಟೆ. ಕೊರತಿ ಅಲ್ಲ ಅದು, ನನ್ನ ತಪ್ಪು. ಕಳ್ಳಿ ಯಾರಂತ ಗುಂಪಿನ್ಯಾಗ ಹಾಕೂದಿದ್ರ ನನ್ನ ಫೋಟೋ ಹಾಕ್ರಿ.”

ಅಯಾಜ್ ಸಾಹೇಬರು ತಾಟು ತಿರುವಿ ನೋಡಿದರು. ಮನುಷ್ಯ ಕೆಟ್ಟವರಲ್ಲ, ಹಾಳೆಯ ಮೇಲೆ ಬಂದದ್ದೆಲ್ಲ ನಿಜ ಎಂದು ನಂಬುವವರು, ಅಷ್ಟೇ. “ಇಪ್ಪತ್ತು ಆತು. ಉಳಿದ ನೂರಾ ಇಪ್ಪತ್ತು? ಆ ಮನಿ ಹೆಸರೂ ಹೇಳು” ಎಂದರು.

“ನನಗ ಗೊತ್ತಿಲ್ಲ. ಗೊತ್ತಿದ್ರೂ ಹೇಳಂಗಿಲ್ಲ. ಗೊತ್ತಿದ್ದವರು ಇಲ್ಲೇ ಕುಂತಾರ.”

ಹೇಳಿ ಅಲ್ಲೇ ನಿಂತೆ, ಹೊರಡಲಿಲ್ಲ. ಕೊನೆಗೆ ಮುನಾಫ ಸಾಹೇಬರು ಎದ್ದು ನಿಂತರು. ಎಪ್ಪತ್ತು ದಾಟಿದವರು, ಏಳಲು ಹೊತ್ತಾಯಿತು.

“ಒಂದು ಕಟ್ಟು ನಮ್ಮ ಮನಿಯಾಗ ಐತಿ” ಎಂದರು. “ಅತ್ತಿಗಿ ಸತ್ತಾಗ ಬಂದದ್ದು. ಅವತ್ತ ಹೇಳಬೇಕಿತ್ತು ನಾನು. ಸುಮ್ನ ಕುಂತೆ. ಇನ್ನ ಯಾರ ಹೆಸರೂ ಕೇಳಬ್ಯಾಡ ಅಯಾಜ್. ಆ ಹಾಳಿ ಎಲ್ಲಿ ಹಾಕಿದಿಯೋ ಅಲ್ಲೇ ತಪ್ಪಾತು ಅಂತ ಬರದು ಹಾಕು.”

ಬರೆದು ಹಾಕಿದರು. ಮೊದಲಿನದನ್ನು ನೋಡಿದಷ್ಟು ಜನ ಇದನ್ನು ನೋಡಲಿಲ್ಲ ಎಂಬುದು ಬೇರೆ ಮಾತು. ಕಳ್ಳಿ ಎಂದು ಹೇಳಲು ಊರಿಗೆ ಅರ್ಧ ತಾಸು ಸಾಕು, ಅಲ್ಲ ಎಂದು ಹೇಳಲು ವರ್ಷ ಬೇಕು.

ಕೀಲಿಕೈ ಹಿಡಿದು ನಾನೇ ಖಾಲಾರ ಮನೆಗೆ ಹೋದೆ. ಮೆಣಸಿನಕಾಯಿ ರಾಶಿಯ ಮುಂದೆ ಕುಳಿತಿದ್ದರು. ನಡೆದದ್ದನ್ನೆಲ್ಲ ಹೇಳಿದೆ. ಭೇಷ್ ಅನ್ನಲಿಲ್ಲ.

“ಡಬ್ಬಿಯಾಗಿಂದ ಬೀಜ ತಗದಿಯೇನು?” ಎಂದಷ್ಟೇ ಕೇಳಿದರು.

“ಇಲ್ಲರಿ.”

“ಬಾ ಹಂಗಾದ್ರ.” ಕೈಯನ್ನು ಬೂದಿಯಿಂದ ತಿಕ್ಕಿ ತೊಳೆದುಕೊಂಡರು. ಕೀಲಿಕೈಯನ್ನು ಸೆರಗಿಗೆ ಕಟ್ಟಿಕೊಂಡು ನನ್ನ ಮುಂದೆ ನಡೆದರು.

ಮುನಾಫ ಸಾಹೇಬರ ಕಟ್ಟು ಆಗಲೇ ಬಂದು ನಮ್ಮ ಮನೆಯ ಕಟ್ಟಿನ ಪಕ್ಕ ಬಾಗಿಲಲ್ಲಿತ್ತು. ಖಾಲಾ ಡಬ್ಬಿಯಿಂದ ಎರಡು ಬೀಜ ತೆಗೆದು ಹೊರಗೆಸೆದರು, ಉಳಿದ ಐದನ್ನು ಒಮ್ಮೆ ಅಲ್ಲಾಡಿಸಿ ಗೂಡಿಗೆ ಇಟ್ಟರು. “ಇದರಾಗ ನಾಲ್ಕು ಮನಿದು ಇನ್ನೂ ನಲವತ್ತು ದಿನ ಆಗಿಲ್ಲ” ಎಂದರು. ಐದನೆಯದು ಯಾರದು ಎಂದು ನನ್ನ ನಾಲಿಗೆಯ ತುದಿಗೆ ಬಂತು. ಅಯಾಜ್ ಸಾಹೇಬರ ಸೋದರಮಾವ ತೀರಿಕೊಂಡದ್ದು ದೀಪಾವಳಿಯ ಹೊತ್ತಿಗೆ. ಆದರೂ ಕೇಳಲಿಲ್ಲ.

ಲ್ಯಾಪ್‌ಟಾಪ್ ತೆರೆದು ತೋರಿಸಿದೆ. ಹೆಸರಿನ ಕಟ್ಟುನಿಟ್ಟು ತೆಗೆದಿದ್ದೆ. ಕೆಂಪು ಸಾಲನ್ನೂ ಜವಾಬ್ದಾರಿಯ ಕಾಲಂ ಅನ್ನೂ ಅಳಿಸಿದ್ದೆ. ನೂರು ತಾಟು ಹೊರಗೆ ಎಂದು ಬರೆದು, ಹೆಸರಿನ ಜಾಗ ಖಾಲಿ ಬಿಟ್ಟು ಒತ್ತಿದೆ. ತೆಗೆದುಕೊಂಡಿತು. ಕೋಣೆಯಲ್ಲಿ ಐನೂರು, ಹೊರಗೆ ನೂರು, ಒಟ್ಟು ಆರುನೂರು.

“ಹೆಸರಿಲ್ಲದಿದ್ರೂ ತಗೊಂತೈತಿ ಈಗ” ಎಂದೆ. ನನ್ನ ದನಿಯಲ್ಲಿ ತುಸು ಹೆಮ್ಮೆಯೂ ಇತ್ತೇನೋ.

ಖಾಲಾ ಪರದೆಯ ಕಡೆ ನೋಡಲೂ ಇಲ್ಲ. ನಮ್ಮ ಮನೆಯ ಇಪ್ಪತ್ತು ತಾಟನ್ನು ಒಂದೊಂದಾಗಿ ಎತ್ತಿ, ಬೆನ್ನಿಗೆ ಹೆಬ್ಬೆರಳು ಆಡಿಸಿ, ಕಟ್ಟಿಗೆ ಸೇರಿಸುತ್ತಿದ್ದರು. ಇಪ್ಪತ್ತನೆಯದನ್ನು ಕೈಯಲ್ಲೇ ಹಿಡಿದುಕೊಂಡು ನನ್ನ ಕಡೆ ತಿರುಗಿದರು. ಕಮಿಟಿಯ ಮುಂದೆ ಕೂಡ ಅವರ ಕಣ್ಣಲ್ಲಿ ಅಷ್ಟು ಸಿಟ್ಟು ನಾನು ನೋಡಿರಲಿಲ್ಲ.

“ನಿನ್ನ ಮಷಿನ್‌ ಏನ ತಿದ್ದತಿ ನಿಖತ. ಐದು ತಿಂಗಳು ಈ ತಾಟಿನ್ಯಾಗ ಉಂಡೀರಿ. ಎರಡು ಸಲ ಬಂದು ನಿಮ್ಮ ಮುಂದನ ಕುಂತು ಹೋದೆ. ಕೇಳಬಾರದು ಅನ್ನೂದು ನಮ್ಮ ಪದ್ಧತಿ. ತಿರುಗಿ ಕೊಡಬಾರದು ಅಂತ ನಿಮಗ ಯಾರ ಹೇಳಿದ್ರು?”

ನಾನು ಲ್ಯಾಪ್‌ಟಾಪ್ ಮುಚ್ಚಿದೆ. ಗೂಟಕ್ಕೆ ಹಾಕಿದ್ದ ಬಟ್ಟೆ ತೆಗೆದುಕೊಂಡು, ಅವರ ಪಕ್ಕದಲ್ಲಿ ತಾಟು ಒರೆಸಲು ಕುಳಿತೆ.